ಒಂದು ಟ್ಯಾಂಕರ್ ಹೆಪ್ಪು

ತೊಟ್ಟಿ ಸತ್ತುಹೋಗಿತ್ತು. ನಿನ್ನೆಯವರೆಗೂ ಕಂದು ನೊರೆ ಉಕ್ಕಿಸುತ್ತ, ಹಸಿ ಮಣ್ಣಿನಂತೆ ಘಮ್ಮೆನ್ನುತ್ತಿದ್ದ ಊರಿನ ಕೊಳಚೆ ನೀರಿನ ತೊಟ್ಟಿ ಬೆಳಗಾಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಮಿಸುಕದೆ ಮಲಗಿತ್ತು. ಯಾರೋ ಚರಂಡಿಗೆ ಆಸಿಡ್ ಸುರಿದಿದ್ದರು. ಊರಿನವರ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಬಚ್ಚಲಲ್ಲಿ ಗುಟ್ಟಾಗಿ ತೊಳೆದುಕೊಂಡ ಕಣ್ಣೀರು, ಎಲ್ಲವನ್ನೂ ತಿಂದು ತಿಳಿ ಮಾಡುತ್ತಿದ್ದ ಕಣ್ಣಿಗೆ ಕಾಣದ ಕೋಟಿ ಜೀವಗಳಲ್ಲಿ ಒಂದೂ ಉಳಿದಿರಲಿಲ್ಲ. ಆ ಶುದ್ಧೀಕರಣ ಘಟಕ ನೋಡಿಕೊಳ್ಳುತ್ತಿದ್ದವಳು ಕಟ್ಟೆಯ ಮೇಲೆ ಕುಸಿದು ಕೂತಳು.

"ಹೆಪ್ಪು ಹಾಕ್ಬೇಕು ಅಷ್ಟೆ," ಅಂದ ಟ್ಯಾಂಕರ್ ಡ್ರೈವರ್. ಬೇರೆ ಊರಿನ ತೊಟ್ಟಿಯಿಂದ ಜೀವ ಇರುವ ಕೆಸರು ತಂದು ಸುರಿದರೆ, ಹಾಲು ಮೊಸರಾದ ಹಾಗೆ, ಇದಕ್ಕೂ ಜೀವ ಬರುತ್ತದೆ. ಇಲ್ಲದಿದ್ದರೆ ಊರಿನ ಹೊಲಸೆಲ್ಲ ನೆಟ್ಟಗೆ ಕೆರೆಗೆ. "ಪಕ್ಕದೂರಿನ ತೊಟ್ಟಿ ನೋಡ್ಕೊಳ್ಳೋರು ನಿಮ್ಮಕ್ಕನೇ ಅಲ್ವಾ ಮೇಡಂ. ಇಲ್ಲ ಅಂತಾರಾ?"

ಅಂದರೂ ಅಂದಾಳು. ಅಮ್ಮ ತೀರಿಕೊಂಡಾಗ ಅಕ್ಕ ಬಂದಿರಲಿಲ್ಲ. ಅವಳ ತೊಟ್ಟಿಗೆ ಗಾಳಿ ಊದುವ ಯಂತ್ರ ಕೆಟ್ಟು, ತೊಟ್ಟಿ ಸಾಯುವ ಹಾಗಾಗಿತ್ತಂತೆ. 'ಹೆತ್ತವಳಿಗಿಂತ ಹೊಲಸೇ ಹೆಚ್ಚಾಯ್ತು ನಿಂಗೆ' ಎಂದು ಅವತ್ತು ಮಾತು ಬಿಟ್ಟ ತಂಗಿ ಇವತ್ತಿನವರೆಗೂ ಅತ್ತ ತಲೆ ಹಾಕಿರಲಿಲ್ಲ.

ಟ್ಯಾಂಕರ್ ಪಕ್ಕದೂರು ಮುಟ್ಟಿದಾಗ ಅಕ್ಕ ತನ್ನ ತೊಟ್ಟಿಯ ಕಟ್ಟೆಯ ಮೇಲೆ, ಮೊಣಕಾಲೆತ್ತರದ ನೊರೆಯ ನಡುವೆ, ಮೋಡದಲ್ಲಿ ನಿಂತವಳಂತೆ ಕಂಡಳು.

"ಇಷ್ಟು ವರ್ಷಕ್ಕೆ ನನ್ನ ತಂಗಿ ಬಂದ್ಳು," ಅಂದಳು ನೊರೆಗೇ ಹೇಳುವವಳಂತೆ. "ಅದೂ ಕೆಸರು ಕೇಳ್ಕೊಂಡು."

"ಕೊಡ್ತೀಯೋ ಇಲ್ವೋ?"

"ಯಾವಾಗ ಹೋಯ್ತು?"

"ಬೆಳಗಿನ ಜಾವ."

"ಪಕ್ಕದಲ್ಲಿ ನೀನಿದ್ದ್ಯಾ?"

"ಇರ್ಲಿಲ್ಲ."

ಅಕ್ಕ ಪೈಪನ್ನು ತೊಟ್ಟಿಗಿಳಿಸಿದಳು. ಟ್ಯಾಂಕರಿನ ಹೊಟ್ಟೆಯೊಳಗೆ ಕೆಸರು ಗುಳುಗುಳು ಇಳಿಯಿತು. ಕಲ್ಲಾಗಿ ಮಲಗಿದ ಊರಿಗೆ ಕೊಡದಲ್ಲಿ ಉಸಿರು ತುಂಬಿಕೊಂಡು ಹೋಗುವ ಹುಡುಗಿಯ ಕಥೆಯೊಂದನ್ನು ಅಜ್ಜಿ ಹೇಳುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಒಂದೇ ಕಂಬಳಿಯೊಳಗೆ ಕೇಳಿದ ಕಥೆ. ಅದು ಅಕ್ಕನಿಗೂ ನೆನಪಾಗಿರಬಹುದೇ ಎಂದು ತಂಗಿ ಓರೆಗಣ್ಣಲ್ಲಿ ನೋಡಿದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಪಕ್ಕದ ಸೀಟಿಗೆ ಹತ್ತುತ್ತಿದ್ದಳು.

"ನೀನೆಲ್ಲಿಗೆ?"

"ದಾರೀಲಿ ಇದಕ್ಕೆ ಉಸಿರು ಕಟ್ಟುತ್ತೆ. ನಿಲ್ಲಿಸಿ ನಿಲ್ಲಿಸಿ ಕದಡ್ಬೇಕು. ಹಾಲು ಉಕ್ಕಿದ್ರೂ ಗೊತ್ತಾಗದೆ ಕನಸು ಕಾಣೋಳು ನೀನು, ನಿನ್ನ ನಂಬಿ ಕಳಿಸ್ಲಾ? ಸರಿ ಆ ಕಡೆ."

ಅರ್ಧ ದಾರಿಯಲ್ಲಿ, ಬಯಲಿನ ನಡುವೆ, ಟ್ಯಾಂಕರ್ ನಿಂತಿತು. ಡ್ರೈವರ್ ಮರದ ನೆರಳು ಹುಡುಕಿಕೊಂಡು ಹೋದ. ಅಕ್ಕತಂಗಿಯರು ಮೇಲೆ ಹತ್ತಿ ಮುಚ್ಚಳ ತೆರೆದು, ಒಂದೇ ಬಿದಿರು ಗಳುವನ್ನು ಇಬ್ಬರೂ ಹಿಡಿದು ಕದಡತೊಡಗಿದರು. ನೊರೆಯ ಚೂರುಗಳು ಗಾಳಿಗೆ ಬಿಡಿಸಿಕೊಂಡು, ಬಿಸಿಲಲ್ಲಿ ಬಣ್ಣಬಣ್ಣವಾಗಿ, ಹೊಲದ ಮೇಲೆ ತೇಲಿಹೋದವು. ಅಕ್ಕ ಅವನ್ನೇ ನೋಡುತ್ತಿದ್ದಳು.

"ಅಮ್ಮ ಕೊನೇಲಿ ಏನಾದ್ರೂ ಅಂದ್ಲಾ?"

ತಂಗಿಯ ಕೈ ನಿಂತಿತು. ಗಳು ಮಾತ್ರ ಅಕ್ಕನ ಕೈಯ ಬಲಕ್ಕೆ ಮೆಲ್ಲಗೆ ತಿರುಗುತ್ತಿತ್ತು.

"ಕೇಳಿದ್ಲು."

"ಏನಂತ?"

"'ಅವಳ ತೊಟ್ಟಿ ಉಳೀತಾ' ಅಂತ."