ಜಲ್ದಿ ಹಬ್ಬುವ ಗಿಡ

ರಂಗಂಪೇಟೆಯ ಸಾಬಣ್ಣನ ಅಂಗಳದ ಹಿಡಿಯಷ್ಟು ಮಣ್ಣಿನ ಮೇಲೆ ಯಾವ ಗಿಡ ಹಬ್ಬಬೇಕೆಂಬ ಘನಗಂಭೀರ ಪ್ರಶ್ನೆ ಶಹಾಪುರದ ನರ್ಸರಿಯಲ್ಲಿ ಇತ್ಯರ್ಥಕ್ಕೆ ಬಂದಿತ್ತು. ಬಾಗಿಲಿಗೆ ಬಣ್ಣ ಆರಿಸಲು ಮೂರು ವರ್ಷ ತೆಗೆದುಕೊಂಡವನು ಸಾಬಣ್ಣ. ಹೆಂಡತಿ ಶರಣಮ್ಮನ ಹೊಟ್ಟೆಯ ಗಡ್ಡೆಯ ಸಂಗತಿಯನ್ನು ಡಾಕ್ಟರು ಬೆಳಿಗ್ಗೆ ಅವಳನ್ನು ಹೊರಗೆ ಕೂರಿಸಿ ಅವನೊಬ್ಬನಿಗೇ ಹೇಳಿದ್ದರು.

"ಈ ಕಾರ್ಪೆಟ್ ಹುಲ್ಲು ಚಂದ ಅದ," ಎಂದಳು ಶರಣಮ್ಮ, ಅದರ ಮೇಲೆ ಕೈಯಾಡಿಸುತ್ತ.

"ಅಂಗಳ ತುಂಬಾಕ ಎರಡು ವರ್ಷ ಹಿಡೀತದ ಅಕ್ಕಾ," ಎಂದ ನರ್ಸರಿಯ ಫಕ್ರುದ್ದೀನ. "ಟೇಬಲ್ ರೋಸ್ ಆದ್ರ ಎರಡೇ ತಿಂಗಳು."

"ಅದನ್ನೇ ಕೊಡ್ರಿ," ಎಂದುಬಿಟ್ಟ ಸಾಬಣ್ಣ.

ಹುಲ್ಲಿನ ಮೇಲೆ ಆಡುತ್ತಿದ್ದ ಕೈ ನಿಂತಿತು. ಸಾಬಣ್ಣ ಕುಂಡದ ಮೊಗ್ಗುಗಳತ್ತ ಬಗ್ಗಿದ.

"ಇಷ್ಟು ಜಲ್ದಿ ನೀವು ಎಂದೂ ಏನೂ ಆರಿಸಿದವರಲ್ಲ," ಎಂದಳು ಶರಣಮ್ಮ. "ಎರಡು ತಿಂಗಳಾದ್ರೂ ಅದಾವೇನ್ರಿ ನನಗ?"

ಟೇಬಲ್ ರೋಸನ್ನೇ ಒಯ್ದರು.