ಎತ್ತಿದ ಹಿಮ್ಮಡಿ

ಗಂಗೊಳ್ಳಿಯಲ್ಲಿ ಹರೆಯದವರು ಪೀಳಿಗೆಯಿಂದ ಪೀಳಿಗೆಗೆ ಕಿರಿದಾಗುವ ಕಡಲಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳ ಹಾಗೆ ವರ್ಷಕ್ಕೊಂದು ಬೆರಳಷ್ಟು ಕುಗ್ಗುತ್ತಿದ್ದರು. ಅಳತೆಗಂಬದ ಎರಡು ಗೆರೆಗಳ ನಡುವೆ ತಲೆ ಬಂದಾಗ ಮದುವೆ. ಹುಟ್ಟುವ ಮಗು ಮತ್ತೆ ತುಂಬು ಗಾತ್ರದ್ದು. ಕೆಳಗೆರೆಗಿಂತಲೂ ಕುಗ್ಗಿದವರಿಗೆ ಮಕ್ಕಳಿಲ್ಲ.

ಓರಗೆಯವರು "ಗಿಡ್ಡಿ" ಎಂದು ಚುಡಾಯಿಸುತ್ತಿದ್ದುದಕ್ಕೆ ನಾಚಿ, ಜಲಜ ಕಳೆದ ಮೂರು ವರ್ಷವೂ ಅಳತೆಯ ದಿನ ಸೀರೆಯ ಮರೆಯಲ್ಲಿ ಹಿಮ್ಮಡಿ ಎತ್ತಿಯೇ ನಿಂತಿದ್ದಳು. "ಇನ್ನೂ ಎತ್ತರ, ಬರುವ ವರ್ಷ ಬಾ" ಎಂದು ಅಳೆಯುವ ಪದ್ದಕ್ಕ ಕಳಿಸಿದ್ದಳು.

ಇಂದು ಹಿಮ್ಮಡಿ ಊರಿದಳು. ತಲೆ ಕೆಳಗೆರೆಗಿಂತ ಕೆಳಗಿತ್ತು.

ಅವಳನ್ನೇ ಮದುವೆಯಾಗಲು ಕಾದಿದ್ದ ದಾಮು ಪಿಸುಗುಟ್ಟಿದ: "ತುದಿಗಾಲಲ್ಲಿ ನಿಲ್ಲು ಮಾರಾಯ್ತಿ, ಪದ್ದಕ್ಕನಿಗೆ ಗೊತ್ತಾಗುದಿಲ್ಲ."

"ಹೊಟ್ಟೆಗೆ ಗೊತ್ತಾಗ್ತದಲ್ಲ" ಎಂದಳು ಜಲಜ. ಅವಳ ಹಿಮ್ಮಡಿ ನೆಲ ಬಿಡಲಿಲ್ಲ. "ನೀನು ಬೇರೆ ಹುಡುಗಿ ನೋಡು ದಾಮು. ನಿನ್ನ ತಲೆ ಇನ್ನೂ ಗೆರೆಯೊಳಗೆ ಉಂಟು."