ಬಾಯಿ ಬಿಡದವಳು

ಹಲ್ಲು ಕಿತ್ತ ಜಾಗಕ್ಕೆ ಹತ್ತಿಯ ಉಂಡೆ ಇಟ್ಟ ಡಾಕ್ಟರು, ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಅರ್ಧ ಗಂಟೆ ಬಾಯಿ ಬಿಡಬೇಡಿ ಎಂದು ಹೇಳಿ ಮೀನು ಟೀಚರನ್ನು ಹೊರಗಿನ ಕುರ್ಚಿಗೆ ಕಳಿಸಿದರು. ಕಾಲೇಜಿನಲ್ಲಿ ಮೀನುಗಳ ಪಾಠ ಹೇಳಿ ನಿವೃತ್ತರಾದ ಆಕೆಗೆ ಆ ಹೆಸರು ಇಟ್ಟವರು ವಿದ್ಯಾರ್ಥಿಗಳು. ಜೀವಮಾನವೆಲ್ಲ ಪಟಪಟ ಆಡಿದ ಬಾಯಿಗೆ ಅರ್ಧ ಗಂಟೆ ಬೀಗವೆಂದರೆ ಸಣ್ಣ ಶಿಕ್ಷೆಯಲ್ಲ. ಹೊತ್ತು ಹೋಗಲೆಂದು ಪಕ್ಕದ ಗಾಜಿನ ತೊಟ್ಟಿಯತ್ತ ತಿರುಗಿದರು.

ಹಳದಿ ಮೀನೊಂದು ಮೂಲೆ ಹಿಡಿದು ನಿಂತಿತ್ತು. ಬೆನ್ನು ಬಡಕಲು, ಗಲ್ಲ ಮಾತ್ರ ಬುರಬುರನೆ ಊದಿದೆ. ಟೀಚರಿಗೆ ನೋಡಿದೊಡನೆ ಗೊತ್ತಾಯಿತು; ಹಲ್ಲಿನ ನೋವೂ ಮರೆತು ಮನಸ್ಸು ಅರಳಿತು. ಅಷ್ಟರಲ್ಲಿ ಡಾಕ್ಟರು ಚಿಮಟ ಹಿಡಿದು ಬಂದರು. ಹಿಂದೆ ನರ್ಸು, ಕೈಯಲ್ಲಿ ಪುಟ್ಟ ಬಲೆ.

"ಪಾಪ, ಇದು ಎರಡು ವಾರದಿಂದ ಏನೂ ಮುಟ್ಟಿಲ್ಲ ಟೀಚರ್. ದವಡೇಲಿ ಕೀವು ತುಂಬಿದೆ. ಬಾಯಿ ಬಿಡಿಸಿ ತೆಗೆದುಬಿಟ್ಟರೆ ಸರಿಹೋಗುತ್ತೆ."

ಟೀಚರ್ ಧಡಕ್ಕನೆ ಎದ್ದು "ಊಂ, ಊಂ" ಎಂದರು. ನೋವಿದ್ದರೆ ಮಾತ್ರೆ ಕೊಡುತ್ತೇನೆ, ಮಾತು ಮಾತ್ರ ಬೇಡ ಎಂದು ಡಾಕ್ಟರು ಸಮಾಧಾನ ಮಾಡಿದರು. ಟೀಚರ್ ಮೀನನ್ನು ತೋರಿಸಿದರು, ತಮ್ಮ ಬಾಯಿ ತೋರಿಸಿದರು, ಕೊನೆಗೆ ಎರಡೂ ಕೈ ಜೋಡಿಸಿ ಮಗುವನ್ನು ತೂಗಿದಂತೆ ಮಾಡಿದರು. ನರ್ಸಿನ ಮುಖ ಇಷ್ಟಗಲವಾಯಿತು.

"ನನ್ನ ಮಗುನಾ ಅಮ್ಮಾ? ಈಗ ಐದು ತಿಂಗಳು. ಅಕ್ಕನ ಹತ್ರ ಬಿಟ್ಟು ಬರ್ತೀನಿ. ರಾತ್ರಿ ಎಲ್ಲ ಹಾಲು ಬೇಕು ಅಂತಾನೆ, ಕಳ್ಳ."

ಬಲೆ ನೀರಿಗಿಳಿಯಿತು. ಮೀನು ಮೂಲೆಗೆ ಇನ್ನಷ್ಟು ಒತ್ತಿಕೊಂಡಿತು. ಇನ್ನು ತಡೆಯಲಾಗದೆ ಟೀಚರ್ ಹತ್ತಿಯನ್ನು ಅಂಗೈಗೆ ಉಗುಳಿ, "ಒಟ್ಟೆ" ಎಂದರು. ಮರಗಟ್ಟಿದ ತುಟಿಯಲ್ಲಿ 'ಮ' ಹುಟ್ಟಲೇ ಇಲ್ಲ.

"ಹೊಟ್ಟೆನಾ? ಹಸಿವಾಯ್ತಾ ಅಮ್ಮಾ?"

"ಒಟ್ಟೆ, ಒಟ್ಟೆ!" ಆಮೇಲೆ ಉಪಾಯ ಹೊಳೆದು, ತಮ್ಮ ಎರಡು ತುಟಿಗಳನ್ನೂ ಬೆರಳಿನಿಂದ ಹಿಡಿದು ಜೋಡಿಸಿ, ಪಟ್ಟನೆ ಬಿಟ್ಟರು. "ಮೊಟ್ಟೆ."

ಡಾಕ್ಟರ ಚಿಮಟ ನೀರಿನ ಮೇಲೆಯೇ ನಿಂತಿತು. ಗಾಜಿಗೆ ಮೂಗು ತಾಗಿಸಿ ನೋಡಿದರು. ಟೀಚರ್ ಕರವಸ್ತ್ರದಲ್ಲಿ ಜೊಲ್ಲು ಒರೆಸಿಕೊಳ್ಳುತ್ತಾ, 'ಮ' ಬಂದಾಗಲೆಲ್ಲ ತುಟಿ ಹಿಡಿಯುತ್ತಾ ತೊದಲು ಪಾಠ ಒಪ್ಪಿಸಿದರು. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತಾಳೆ. ಮರಿಗಳಾಗಿ ಈಜುವವರೆಗೂ ಊಟದ ಮಾತಿಲ್ಲ. ಮೊಟ್ಟೆ ಕಟ್ಟುವಾಗಲೇ ಮೈಯ ಸತ್ವವೆಲ್ಲ ಸುರಿದಿದ್ದಾಳೆ. ಈಗ ಕೊಬ್ಬೂ ಮುಗಿದು, ಬೆನ್ನಿನ ಮಾಂಸವನ್ನೇ ಕರಗಿಸಿಕೊಂಡು ಉಸಿರಾಡುತ್ತಿದ್ದಾಳೆ. ಬಾಯಿ ಬಿಡಿಸಿದರೆ ಅಷ್ಟೂ ನೀರುಪಾಲು.

ಡಾಕ್ಟರು ಚಿಮಟವನ್ನು ಕಳ್ಳಮಾಲಿನಂತೆ ಜೇಬಿಗೆ ತುರುಕಿದರು. ಟೀಚರ ಬಾಯಿಗೆ ಹೊಸ ಹತ್ತಿ ಇಟ್ಟು, ಮತ್ತೆ ಅರ್ಧ ಗಂಟೆ ಎಂದರು. ತಿರುಗುವಾಗ ತೊಟ್ಟಿಯ ಪಕ್ಕದಲ್ಲಿದ್ದ ನರ್ಸಿನ ಊಟದ ಡಬ್ಬಿ ಕಣ್ಣಿಗೆ ಬಿತ್ತು. ಮಧ್ಯಾಹ್ನ ಇಳಿದಿದ್ದರೂ ಅದರ ಮುಚ್ಚಳ ತೆಗೆದಿರಲಿಲ್ಲ. ಡಾಕ್ಟರು ಅದನ್ನು ನೋಡಿದರು, ಅವಳ ಕೊರಳ ಕೆಳಗೆ ಎದ್ದು ಕಾಣುತ್ತಿದ್ದ ಮೂಳೆ ನೋಡಿದರು, ಮೀನನ್ನೂ ನೋಡಿದರು.

"ನೀನು ಮೊದಲು ಊಟ ಮಾಡಮ್ಮ."

"ಇನ್ನೂ ಮೂರು ಜನ ಕಾಯ್ತಿದ್ದಾರಲ್ಲ ಡಾಕ್ಟ್ರೇ."

"ಅವರ ಹಲ್ಲು ಎಲ್ಲಿಗೂ ಓಡಿಹೋಗಲ್ಲ. ಇವತ್ತಿಂದ ನಿನ್ನ ಊಟ ಆದ ಮೇಲೇ ಮುಂದಿನವರು."

ಬಾಯಿ ಬಿಡುವಂತಿಲ್ಲದ ಟೀಚರ್ ಜೋರಾಗಿ ತಲೆಯಾಡಿಸಿ, ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲ ತೆಗೆದು ಜಾಗ ಮಾಡಿಕೊಟ್ಟರು. ನರ್ಸು ಡಬ್ಬಿ ಹಿಡಿದು ಕೂತಳು. ಮುಚ್ಚಳಕ್ಕೆ ಕೈ ಹಾಕಿದವಳು ಒಮ್ಮೆ ತೊಟ್ಟಿಯ ಕಡೆ ನೋಡಿದಳು. ಆಮೇಲೆ ಕುರ್ಚಿಯನ್ನು ಮೆಲ್ಲಗೆ ಎಳೆದು, ಮೀನಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಕೂತು, ಮೊದಲ ತುತ್ತು ಬಾಯಿಗಿಟ್ಟಳು.